ಗಡಿ ಕಾಯ್ದ ಪರ್ಸಿ ಮನೆತನ



ಇಂದು ನಾನು ಹೇಳಹೊರಟಿರುವುದು ದೂರದ ಒಂದು ಗಡಿಯ ಕಥೆ. ಇಂಗ್ಲೆಂಡಿನ ಉತ್ತರದ ತುದಿಯಲ್ಲಿ, ಸ್ಕಾಟ್ಲೆಂಡಿಗೆ ತಾಗಿಕೊಂಡು, ನಾರ್ತಂಬರ್ಲೆಂಡ್ ಎಂಬ ಸೀಮೆಯಿದೆ. ಸುಮಾರು ಆರುನೂರು ವರ್ಷಗಳ ಹಿಂದೆ ಆ ಸೀಮೆಯಲ್ಲಿ ಪರ್ಸಿ ಎಂಬ ಮನೆತನ ಮೆರೆಯಿತು. ರಾಜನ ಪರವಾಗಿ ಗಡಿ ಕಾಯುವುದು ಅವರ ಕೆಲಸ. ಈ ಮನೆತನ 1399ರಲ್ಲಿ ಒಬ್ಬನನ್ನು ಕೈಹಿಡಿದು ಸಿಂಹಾಸನದ ಮೇಲೆ ಕೂಡಿಸಿತು. ನಾಲ್ಕೇ ವರ್ಷಗಳಲ್ಲಿ ಅದೇ ರಾಜನ ಮೇಲೆ ಕತ್ತಿ ಹಿರಿಯಿತು. ಹೀಗೇಕಾಯಿತು ಎಂದು ಕೇಳಿದರೆ, ಮಾನ, ಶೌರ್ಯ, ಕೊಟ್ಟ ಮಾತು ಎಂದೆಲ್ಲ ಉತ್ತರ ಬರುತ್ತದೆ. ಅವೆಲ್ಲ ಇದ್ದದ್ದೇ. ಆದರೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನ್ನ ಕಣ್ಣಿಗೆ ಮೊದಲು ಬೀಳುವುದು ಇನ್ನೊಂದು ಕಾರಣ. ಅದು ಸಂಬಳದ ಬಾಕಿ.

ಮೊದಲು ಆ ಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಪೂರ್ವದಲ್ಲಿ ಟ್ವೀಡ್ ನದಿ ಸಮುದ್ರ ಸೇರುವ ಬೆರಿಕ್ ಪಟ್ಟಣ, ಪಶ್ಚಿಮದಲ್ಲಿ ಸಾಲ್ವೇ ಎಂಬ ಕೊಲ್ಲಿ. ಇವೆರಡರ ನಡುವೆ ಕುರಿ ಮೇಯುವ ಬೋಳು ಗುಡ್ಡಗಳ ಸಾಲು. ಈ ಗೆರೆಯೇ ಎರಡು ರಾಜ್ಯಗಳ ಎಲ್ಲೆಯೆಂದು 1237ರಲ್ಲಿ ಯಾರ್ಕ್ ನಗರದಲ್ಲಿ ಒಪ್ಪಂದವಾಯಿತು. 1249ರಲ್ಲಿ ಎರಡೂ ಕಡೆಯಿಂದ ಹನ್ನೆರಡು ಹನ್ನೆರಡು ಮಂದಿ ಸರದಾರರು ಕೂಡಿ ಕುಳಿತು ಗಡಿಯ ಕಾನೂನನ್ನು ಗೊತ್ತುಮಾಡಿದರು. ಆ ಕಡೆಯವನು ಈ ಕಡೆ ಬಂದು ದನ ಹೊಡೆದುಕೊಂಡು ಹೋದರೆ ನ್ಯಾಯ ಎಲ್ಲಿ ನಡೆಯಬೇಕು, ಓಡಿಹೋದವನನ್ನು ಯಾರು ಒಪ್ಪಿಸಬೇಕು, ಇಂಥ ವಿಷಯಗಳೆಲ್ಲ ಅದರಲ್ಲಿದ್ದವು.

ಇಲ್ಲಿ ಒಂದು ವಿಶೇಷವನ್ನು ನೀವು ಗಮನಿಸಬೇಕು. ನಮ್ಮ ಗಡಿಗಳಲ್ಲಿ ಮಾತು ಎರಡು, ದೇಶ ಒಂದು. ಆ ಗಡಿಯಲ್ಲಿ ದೊರೆಗಳು ಇಬ್ಬರು, ಮಾತು ಹೆಚ್ಚು ಕಡಿಮೆ ಒಂದೇ. ತಗ್ಗು ಸ್ಕಾಟ್ಲೆಂಡಿನ ರೈತನೂ ನಾರ್ತಂಬರ್ಲೆಂಡಿನ ರೈತನೂ ಆಡುವ ಇಂಗ್ಲಿಷು ಒಬ್ಬರಿಗೊಬ್ಬರಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೆ 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದ. ಅಂದಿನಿಂದ ಹೊತ್ತಿಕೊಂಡ ಹಗೆ ಮಧ್ಯೆ ಮಧ್ಯೆ ಆರಿ, ಮತ್ತೆ ಹೊತ್ತಿ, ಸುಮಾರು ಮುನ್ನೂರು ವರ್ಷ ಉರಿಯಿತು. ಬೆರಿಕ್ ಪಟ್ಟಣ ಚೆಂಡಿನ ಹಾಗೆ ಕೈಯಿಂದ ಕೈಗೆ ಹೋಗಿ, ಕೊನೆಗೆ 1482ರಲ್ಲಿ ಇಂಗ್ಲೆಂಡಿನ ಪಾಲಿಗೆ ಉಳಿಯಿತು. ಬೆಳೆ ಸುಡುವುದು, ದನಕರು ಹೊಡೆದೊಯ್ಯುವುದು ಎರಡೂ ಕಡೆ ನಡೆಯಿತು.

ಪರ್ಸಿಗಳು ಮೊದಲಿನಿಂದ ಆ ಗಡಿಯವರಲ್ಲ. ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ದೊರೆ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ, ವಿಲಿಯಂ ಡ ಪರ್ಸಿ ಎಂಬವನೂ ಅಲ್ಲಿಗೆ ಬಂದ. 1086ರಲ್ಲಿ ರಾಜ ಮಾಡಿಸಿದ ಭೂಮಿಯ ದೊಡ್ಡ ಲೆಕ್ಕದ ಪುಸ್ತಕದಲ್ಲಿ, ಯಾರ್ಕ್‌ಷೈರ್ ಮತ್ತು ಲಿಂಕನ್‌ಷೈರ್ ಸೀಮೆಗಳಲ್ಲಿ ಅವನ ಹೆಸರಿಗೆ ಬೇಕಾದಷ್ಟು ಭೂಮಿಯಿತ್ತು. ಗಡಿಯ ಕಡೆಗೆ ಅವರು ಕಾಲಿಟ್ಟದ್ದು 1309ರಲ್ಲಿ. ಹೆನ್ರಿ ಪರ್ಸಿ ಎಂಬವನು ಡರಮ್ಮಿನ ಬಿಷಪ್ಪನಿಂದ ಆಲ್ನ್‌ವಿಕ್ ಕೋಟೆಯನ್ನೂ ಅದಕ್ಕೆ ಸೇರಿದ ಜಹಗೀರನ್ನೂ ಕೊಂಡುಕೊಂಡ. ಬರೆಯುವುದು ಆಲ್ನ್‌ವಿಕ್ ಎಂದು. ಅಲ್ಲಿಯವರು ಅನ್ನುವುದು ಆನಿಕ್ ಎಂದು. ಬಂದ ಲೂಟಿಕೋರರನ್ನು ತಡೆಯಲು ಹಣವೂ ಆಳೂ ಉಳ್ಳ ಧಣಿ ಗಡಿಗೆ ಬೇಕಾಗಿದ್ದ ಕಾಲ ಅದು. 1346ರಲ್ಲಿ ಸ್ಕಾಟ್ಲೆಂಡಿನ ರಾಜ ಎರಡನೆಯ ಡೇವಿಡ್ ಡರಮ್ಮಿನವರೆಗೆ ನುಗ್ಗಿದಾಗ, ಅವನನ್ನು ಸೋಲಿಸಿ ಸೆರೆಹಿಡಿದ ಸೈನ್ಯದ ಮುಂದಾಳುಗಳಲ್ಲಿ ಒಬ್ಬ ಪರ್ಸಿ, ಇನ್ನೊಬ್ಬ ನೆವಿಲ್. ಈ ನೆವಿಲ್ ಎಂಬ ಹೆಸರನ್ನು ನೆನಪಿನಲ್ಲಿಡಿ. 1377ರಲ್ಲಿ, ಎರಡನೆಯ ರಿಚರ್ಡ್ ಪಟ್ಟಕ್ಕೆ ಬಂದಾಗ, ಹೆನ್ರಿ ಪರ್ಸಿಗೆ ನಾರ್ತಂಬರ್ಲೆಂಡಿನ ಅರ್ಲ್ ಎಂಬ ಪದವಿ ಸಿಕ್ಕಿತು. ಅರ್ಲ್ ಅಂದರೆ ರಾಜನ ಕೆಳಗಿನ ದೊಡ್ಡ ಸಾಮಂತ.

ಗಡಿ ಕಾಯುವ ಅಧಿಕಾರಿಗೆ ವಾರ್ಡನ್ ಎಂದು ಹೆಸರು. ಗಡಿನಾಡಿಗೆ ಅಲ್ಲಿ ಮಾರ್ಚ್ ಎನ್ನುತ್ತಾರೆ. ಅದು ತಿಂಗಳ ಹೆಸರಲ್ಲ, ಎಲ್ಲೆ ಎಂಬ ಅರ್ಥದ ಹಳೆಯ ಮಾತು. ಪೂರ್ವದ ಮಾರ್ಚಿಗೆ ಒಬ್ಬ ವಾರ್ಡನ್, ಪಶ್ಚಿಮದ ಮಾರ್ಚಿಗೆ ಒಬ್ಬ. ರಾಜ ಅವರೊಡನೆ ಕರಾರು ಬರೆದುಕೊಳ್ಳುತ್ತಿದ್ದ: ಇಷ್ಟು ವರ್ಷ ಗಡಿ ಕಾಯಬೇಕು, ಅದಕ್ಕೆ ಇಷ್ಟು ಹಣ. ಪೂರ್ವದ ಮಾರ್ಚಿಗೆ ಶಾಂತಿಯ ಕಾಲದಲ್ಲಿ ವರ್ಷಕ್ಕೆ 3,000 ಪೌಂಡು, ಯುದ್ಧದ ಕಾಲದಲ್ಲಿ 12,000 ಪೌಂಡು. ಈ ಹಣದಿಂದ ವಾರ್ಡನ್ನನೇ ಆಳು ಕೂಡಿಸಬೇಕು, ಕುದುರೆ, ಬಿಲ್ಲು, ಬಾಣ ಒದಗಿಸಬೇಕು, ಕೋಟೆಗಳಲ್ಲಿ ಕಾವಲಿಡಬೇಕು.

ಈ ಏರ್ಪಾಟಿನ ಒಳಗುಟ್ಟು ಏನು ನೋಡಿ. ಇಂಗ್ಲೆಂಡಿನ ರಾಜನಿಗೆ ಆಗ ಖಾಯಂ ಸೈನ್ಯವೆಂಬುದೇ ಇರಲಿಲ್ಲ. ವರ್ಷವಿಡೀ ಆಳು ಇಟ್ಟುಕೊಳ್ಳಲು ರಾಜನ ಹಣವೂ ಅಪ್ಪಣೆಯೂ ದೊರೆತದ್ದು ಗಡಿಯ ವಾರ್ಡನ್ನನಿಗೆ. ಆಳಿನ ಕೈಗೆ ದುಡ್ಡು ಕೊಡುವವನು ಪರ್ಸಿ. ಅವನ ಗುರುತಾದ ಬೆಳ್ಳಿಯ ಅರ್ಧಚಂದ್ರದ ಬಿಲ್ಲೆ ಆಳಿನ ಅಂಗಿಯ ಮೇಲೆ. ಹೊಲ ಉಳಲು ಕೊಟ್ಟವನೂ ಪರ್ಸಿ, ಸ್ಕಾಟರು ಬಂದರೆ ಕೋಟೆಯ ಬಾಗಿಲು ತೆಗೆದು ಒಳಗೆ ಕರೆದುಕೊಳ್ಳುವವನೂ ಪರ್ಸಿ. ಲಂಡನ್ನಿನ ರಾಜನನ್ನು ಆ ರೈತ ಹುಟ್ಟಿದಾಗಿನಿಂದ ಕಂಡಿರುವುದಿಲ್ಲ. ಹಾಗಿರುವಾಗ ಅವನ ನಿಷ್ಠೆ ಯಾರ ಕಡೆಗೆ ಹೋದೀತು?

ಮೊದಲನೆಯ ಅರ್ಲನ ಮಗನ ಹೆಸರೂ ಹೆನ್ರಿಯೇ. ಆದರೆ ಜನ ಅವನಿಗೆ ಹಾಟ್‌ಸ್ಪರ್ ಎಂಬ ಅಡ್ಡಹೆಸರು ಇಟ್ಟಿದ್ದರು. ಸ್ಪರ್ ಅಂದರೆ ಸವಾರ ತನ್ನ ಹಿಮ್ಮಡಿಗೆ ಕಟ್ಟಿಕೊಂಡು ಕುದುರೆಗೆ ಚುಚ್ಚುವ ಮುಳ್ಳು. ಕುದುರೆಗೆ ಒಂದು ಗಳಿಗೆ ಬಿಡುವು ಕೊಡದೆ ಚುಚ್ಚಿ ಚುಚ್ಚಿ ಆ ಮುಳ್ಳೇ ಬಿಸಿಯಾಗಿದೆಯೋ ಎಂಬಂಥ ಸವಾರ. 1388ರಲ್ಲಿ ಆಟರ್‌ಬರ್ನ್ ಎಂಬಲ್ಲಿ ಇರುಳಿನ ಕಾಳಗದಲ್ಲಿ ಅವನು ಸ್ಕಾಟರಿಗೆ ಸೆರೆಸಿಕ್ಕ. ಸ್ಕಾಟರ ನಾಯಕ ಡಗ್ಲಸ್ ಅದೇ ಕಾಳಗದಲ್ಲಿ ಸತ್ತ. ಬಿಡುಗಡೆಯ ಹಣ ಕಟ್ಟಿ ಹಾಟ್‌ಸ್ಪರ್ ಹೊರಬಂದ. ದೊಡ್ಡವರನ್ನು ಸೆರೆಹಿಡಿದರೆ ಕೊಲ್ಲುವುದಿಲ್ಲ, ಹಣ ವಸೂಲು ಮಾಡಿ ಬಿಡುವುದು. ಅದು ಆ ಕಾಲದ ಯುದ್ಧದ ವ್ಯಾಪಾರ. ಈ ಮಾತು ಮುಂದಿನ ಕಥೆಗೆ ಬೇಕಾಗುತ್ತದೆ.

1399ರಲ್ಲಿ ಗಡೀಪಾರಾಗಿದ್ದ ಹೆನ್ರಿ ಬಾಲಿಂಗ್‌ಬ್ರೋಕ್ ಎಂಬ ರಾಜಬಂಧು ಯಾರ್ಕ್‌ಷೈರ್ ಕರಾವಳಿಯಲ್ಲಿ ಬಂದಿಳಿದ. ಅಪ್ಪನ ಆಸ್ತಿಯನ್ನು ಕೇಳಲು ಬಂದಿದ್ದೇನೆ ಎಂದ. ಅಪ್ಪ ಮಗ ಇಬ್ಬರು ಪರ್ಸಿಗಳೂ ತಮ್ಮ ಆಳುಗಳೊಡನೆ ಅವನನ್ನು ಕೂಡಿಕೊಂಡರು. ಕೆಲವೇ ತಿಂಗಳಲ್ಲಿ ರಿಚರ್ಡ್ ಇಳಿದ, ಬಾಲಿಂಗ್‌ಬ್ರೋಕ್ ನಾಲ್ಕನೆಯ ಹೆನ್ರಿ ಎಂದು ಪಟ್ಟವೇರಿದ. ಪರ್ಸಿಗಳಿಗೆ ಉಡುಗೊರೆಗಳ ಸುರಿಮಳೆಯಾಯಿತು. ಅಪ್ಪನಿಗೆ ಪಶ್ಚಿಮದ ಮಾರ್ಚು, ಮಗನಿಗೆ ಪೂರ್ವದ ಮಾರ್ಚು. ಅಂದರೆ ಇಡೀ ಗಡಿ ಒಂದೇ ಮನೆಯ ಕೈಯಲ್ಲಿ.

ಪದವಿ ಬಂತು, ಹಣ ಬರಲಿಲ್ಲ. ಆ ಕಾಲದಲ್ಲಿ ರಾಜನ ಖಜಾನೆ ಹಣ ಕೊಡುತ್ತಿದ್ದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಹಾಲು ಹಾಕುವವರು ಗೋಡೆಯ ಮೇಲೆ ಗೀರು ಎಳೆದು ಲೆಕ್ಕ ಇಡುವುದನ್ನು ನೀವು ಬಲ್ಲಿರಿ. ಖಜಾನೆಯವರು ಒಂದು ಮರದ ಕೋಲಿನ ಮೇಲೆ ಹಾಗೆಯೇ ಗೀರು ಕೊಯ್ಯುತ್ತಿದ್ದರು. ಸಾವಿರಕ್ಕೆ ಅಗಲದ ಗೀರು, ನೂರಕ್ಕೆ ಅದಕ್ಕಿಂತ ಚಿಕ್ಕದು, ಹೀಗೆ. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಒಂದು ಸೀಳನ್ನು ತಾವಿಟ್ಟುಕೊಂಡು, ಇನ್ನೊಂದನ್ನು ಹಣ ಪಡೆಯಬೇಕಾದವನಿಗೆ ಕೊಡುವುದು. ಇದಕ್ಕೆ ಟ್ಯಾಲಿ ಎಂದು ಹೆಸರು. ಅದನ್ನು ಹಿಡಿದುಕೊಂಡು ಅವನು ಯಾವುದಾದರೂ ಬಂದರಿನ ಸುಂಕದವನ ಬಳಿ ಹೋಗಿ ಹಣ ಪಡೆಯಬೇಕು. ಆದರೆ ಒಂದೇ ಸುಂಕದವನ ಮೇಲೆ ಅವನ ವಸೂಲಿಗಿಂತ ಹೆಚ್ಚಿನ ಕೋಲುಗಳು ಬಂದಿದ್ದರೆ? ಮೊದಲು ಹೋದವನಿಗೆ ಹಣ, ಆಮೇಲೆ ಹೋದವನಿಗೆ ಬರಿಯ ಕೋಲು. ಖಾತೆಯಲ್ಲಿ ಹಣವಿಲ್ಲವೆಂದು ಚೆಕ್ಕು ವಾಪಸು ಬಂದ ಹಾಗೆಯೇ ಇದು. ಪರ್ಸಿಗಳ ಕೈಗೆ ಬಂದವುಗಳಲ್ಲಿ ಇಂತಹ ಬರಿಯ ಕೋಲುಗಳು ಬಹಳವಿದ್ದವು.

ಹಾಟ್‌ಸ್ಪರ್ ರಾಜನ ಮಂತ್ರಿಮಂಡಲಿಗೆ ಪತ್ರದ ಮೇಲೆ ಪತ್ರ ಬರೆದ. ಆಳುಗಳಿಗೆ ಕೂಲಿಯಿಲ್ಲ, ಹೀಗಾದರೆ ಕಾವಲು ಬಿಟ್ಟು ಬರಬೇಕಾಗುತ್ತದೆ ಎಂಬುದು ಅವನ ದೂರು. 1403ರ ಬೇಸಗೆಯಲ್ಲಿ ಮುದುಕ ಅರ್ಲನೂ ರಾಜನಿಗೆ ಬರೆದು, ತಮಗೆ ಬರಬೇಕಾದ ಬಾಕಿ 20,000 ಪೌಂಡಿಗೂ ಮೇಲಿದೆ ಎಂದ. ಒಂದು ಪೌಂಡಿಗೆ ಆಗ 240 ಪೆನ್ನಿ. ಕುದುರೆಯ ಮೇಲೆ ಬರುವ ಒಬ್ಬ ಬಿಲ್ಲುಗಾರನ ದಿನಗೂಲಿ 6 ಪೆನ್ನಿ. ಹಾಗಾದರೆ 20,000 ಪೌಂಡು ಅಂದರೆ ಎಂಟು ಲಕ್ಷ ದಿನಗೂಲಿ. ಸಾವಿರ ಬಿಲ್ಲುಗಾರರ ಎರಡು ವರ್ಷಕ್ಕೂ ಹೆಚ್ಚಿನ ಸಂಬಳ. ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕು. ರಾಜ ಏನೂ ಕೊಡಲಿಲ್ಲ ಎಂದಲ್ಲ. ಪರ್ಸಿಗಳಿಗೆ ಸಂದ ಹಣವೂ ಸಣ್ಣದಲ್ಲ. ಆದರೆ ರಾಜನ ಖಜಾನೆಯೇ ಬರಿದಾಗಿತ್ತು. ಬೇರೆಯವರ ಕೋಲುಗಳೂ ವಾಪಸಾಗುತ್ತಿದ್ದವು. ವ್ಯತ್ಯಾಸವಿಷ್ಟೇ: ಬೇರೆಯವರ ಹಿಂದೆ ಗಡಿಯ ಸೈನ್ಯವಿರಲಿಲ್ಲ.

ಈ ಹುಣ್ಣಿನ ಮೇಲೆ ಬರೆ ಎಳೆದಂತೆ ಇನ್ನೆರಡು ಸಂಗತಿಗಳು ನಡೆದವು. 1402ರ ಜೂನಿನಲ್ಲಿ ವೇಲ್ಸ್ ನಾಡಿನ ಬಂಡಾಯಗಾರ ಒವೈನ್ ಗ್ಲಿಂಡೂರ್, ಎಡ್ಮಂಡ್ ಮಾರ್ಟಿಮರ್ ಎಂಬವನನ್ನು ಸೆರೆಹಿಡಿದ. ಈ ಮಾರ್ಟಿಮರ್ ಹಾಟ್‌ಸ್ಪರನ ಹೆಂಡತಿ ಎಲಿಜಬೆತ್‌ಳ ಒಡಹುಟ್ಟಿದವನು. ಅವನ ಬಿಡುಗಡೆಯ ಹಣ ಕೊಡಲು ರಾಜ ಒಪ್ಪಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 14ರಂದು ಪರ್ಸಿಗಳು ಹೋಮಿಲ್ಡನ್ ಗುಡ್ಡದ ಬಳಿ ಸ್ಕಾಟರನ್ನು ಬಾಣಗಳಿಂದಲೇ ಚದುರಿಸಿ ಭಾರೀ ಜಯ ಪಡೆದರು. ಹೊಸ ಡಗ್ಲಸ್ ಅರ್ಲ್, ಮರ್ಡಾಕ್ ಎಂಬ ರಾಜಬಂಧು ಮೊದಲಾಗಿ ದೊಡ್ಡ ದೊಡ್ಡವರು ಸೆರೆಸಿಕ್ಕರು. ಸಂಬಳ ಬಾರದವರಿಗೆ ಈ ಸೆರೆಯಾಳುಗಳೇ ದುಡ್ಡಿನ ಗಂಟು. ಆಗ ರಾಜನ ಅಪ್ಪಣೆ ಬಂತು: ನನ್ನ ಒಪ್ಪಿಗೆಯಿಲ್ಲದೆ ಯಾರನ್ನೂ ಹಣ ಪಡೆದು ಬಿಡಕೂಡದು. ಮರ್ಡಾಕನನ್ನು ಒಪ್ಪಿಸಿದರು. ಡಗ್ಲಸನನ್ನು ಮಾತ್ರ ಹಾಟ್‌ಸ್ಪರ್ ಕೊಡಲಿಲ್ಲ. ಬಾಕಿಗೆ ಬದಲಾಗಿಯೋ ಎಂಬಂತೆ, 1403ರ ಮಾರ್ಚ್ ತಿಂಗಳಿನಲ್ಲಿ ರಾಜ ಅರ್ಲನಿಗೆ ಡಗ್ಲಸನ ಭೂಮಿಗಳನ್ನೆಲ್ಲ ದಾನವಾಗಿ ಬರೆದುಕೊಟ್ಟ. ಆ ಭೂಮಿ ಇದ್ದದ್ದು ಸ್ಕಾಟ್ಲೆಂಡಿನಲ್ಲಿ! ಬೇಕಾದರೆ ಹೋಗಿ ಗೆದ್ದುಕೊಳ್ಳಬೇಕು. ಊರ ದನವನ್ನು ದಾನ ಮಾಡಿದ ಹಾಗೆ.

1403ರ ಜುಲೈನಲ್ಲಿ ಹಾಟ್‌ಸ್ಪರ್ ಬಂಡೆದ್ದ. ತನ್ನ ಸೆರೆಯಾಳಾಗಿದ್ದ ಡಗ್ಲಸನನ್ನೇ ಜೊತೆಗಾರನನ್ನಾಗಿ ಮಾಡಿಕೊಂಡು ದಕ್ಷಿಣಕ್ಕೆ ಹೊರಟ. ಚಿಕ್ಕಪ್ಪ ಥಾಮಸ್ ಪರ್ಸಿ, ಅಂದರೆ ವೂಸ್ಟರಿನ ಅರ್ಲ್, ಬಂದು ಸೇರಿದ. ಜುಲೈ 21ರಂದು ಶ್ರೂಸ್‌ಬರಿಯ ಬಯಲಿನಲ್ಲಿ ರಾಜನ ಸೈನ್ಯಕ್ಕೂ ಇವರಿಗೂ ಘೋರ ಕಾಳಗವಾಯಿತು. ರಾಜನ ಮಗ, ಹದಿಹರೆಯದ ಯುವರಾಜ, ಮುಖಕ್ಕೆ ಬಾಣ ನೆಟ್ಟರೂ ಬದುಕಿ ಉಳಿದ. ಹಾಟ್‌ಸ್ಪರ್ ಸತ್ತ. ಎರಡು ದಿನಗಳ ಮೇಲೆ ಚಿಕ್ಕಪ್ಪನ ತಲೆ ಉರುಳಿತು. ಹಾಟ್‌ಸ್ಪರ್ ಸತ್ತಿಲ್ಲವೆಂದು ಜನ ಆಡಿಕೊಂಡಾರೆಂದು, ಹೂತ ಹೆಣವನ್ನು ತೆಗೆಸಿ, ಎರಡು ಬೀಸುವ ಕಲ್ಲುಗಳ ನಡುವೆ ನಿಲ್ಲಿಸಿ ತೋರಿಸಿದರು. ಅವನ ತಲೆಯನ್ನು ಯಾರ್ಕ್ ನಗರದ ಹೆಬ್ಬಾಗಿಲ ಮೇಲೆ ಸಿಕ್ಕಿಸಿದರು.

ಷೇಕ್ಸ್‌ಪಿಯರ್ ಮಹಾಕವಿ ಈ ಹಾಟ್‌ಸ್ಪರನನ್ನು ತನ್ನ ನಾಲ್ಕನೆಯ ಹೆನ್ರಿ ನಾಟಕದ ಮೊದಲ ಭಾಗದಲ್ಲಿ ತಂದಿದ್ದಾನೆ. ಅಲ್ಲಿ ಹಾಟ್‌ಸ್ಪರನೂ ಯುವರಾಜನೂ ಒಂದೇ ವಾರಿಗೆಯ ತರುಣರು. ನಿಜವಾಗಿ ಹಾಟ್‌ಸ್ಪರ್ ಹುಟ್ಟಿದ್ದು 1364ರಲ್ಲಿ. ಅವನು ಯುವರಾಜನಿಗಿಂತ ಮಾತ್ರವಲ್ಲ, ರಾಜನಿಗಿಂತಲೂ ದೊಡ್ಡವನು. ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಎಂಬ ಫುಟ್ಬಾಲ್ ತಂಡದ ಹೆಸರು ಕೇಳಿರುವ ತರುಣರು ನಿಮ್ಮಲ್ಲಿ ಇರಬಹುದು. ಅದು ಇವನ ಹೆಸರೇ.

ಶ್ರೂಸ್‌ಬರಿಗೆ ಹೋಗದೆ ಉಳಿದಿದ್ದ ಮುದುಕ ಅರ್ಲ್ ಕ್ಷಮೆ ಪಡೆದ. ಆದರೆ 1405ರಲ್ಲಿ ಮತ್ತೆ ತಿರುಗಿಬಿದ್ದ. ರಾಜ ಫಿರಂಗಿ ತಂದು ಪರ್ಸಿಗಳ ವಾರ್ಕ್‌ವರ್ತ್ ಕೋಟೆಗೆ ಹೊಡೆಸಿದ. ಏಳು ಗುಂಡಿಗೆ ಕೋಟೆ ಶರಣಾಯಿತು. ಅರ್ಲ್ ಸ್ಕಾಟ್ಲೆಂಡಿಗೆ ಓಡಿದ. ಜೀವನವಿಡೀ ಯಾರನ್ನು ತಡೆದನೋ ಅವರ ಮನೆಯಲ್ಲೇ ಆಸರೆ! 1408ರ ಫೆಬ್ರವರಿಯಲ್ಲಿ ಮರಳಿ ಬಂದು ಬ್ರಾಮ್‌ಹಮ್ ಬಯಲಿನಲ್ಲಿ ಹೋರಾಡಿ ಸತ್ತ.

ಇಲ್ಲಿಗೆ ಮನೆತನ ಮುಗಿಯಬೇಕಿತ್ತು, ಮುಗಿಯಲಿಲ್ಲ. ಗಡಿಗೆ ಕಾವಲುಗಾರ ಬೇಕಲ್ಲ? ಬಾಣದ ಗಾಯದಿಂದ ಬದುಕಿದ ಆ ಯುವರಾಜ ಐದನೆಯ ಹೆನ್ರಿಯಾಗಿ ಫ್ರಾನ್ಸಿನ ಯುದ್ಧಕ್ಕೆ ಹೊರಟಾಗ, ಬೆನ್ನ ಹಿಂದಿನ ಗಡಿ ಭದ್ರವಾಗಿರಬೇಕಾಗಿತ್ತು. ಹಾಟ್‌ಸ್ಪರನ ಮಗ ಸ್ಕಾಟ್ಲೆಂಡಿನಲ್ಲಿ ಒತ್ತೆಯಾಗಿ ಬೆಳೆದಿದ್ದ. ಹೋಮಿಲ್ಡನ್ನಿನಲ್ಲಿ ಸಿಕ್ಕ ಮರ್ಡಾಕನನ್ನು ಬಿಟ್ಟುಕೊಟ್ಟು, ಅವನಿಗೆ ಬದಲಾಗಿ ಈ ಹುಡುಗನನ್ನು ತರಿಸಿ, 1416ರಲ್ಲಿ ಎರಡನೆಯ ಅರ್ಲನನ್ನಾಗಿ ಮಾಡಿದರು. ಅಪ್ಪನನ್ನು ಕೊಂದ ಕಡೆಯವರೇ ಮಗನಿಗೆ ಗಡಿಯನ್ನು ಒಪ್ಪಿಸಿದರು.

ಪರ್ಸಿಗಳು ಬಿದ್ದಿದ್ದ ಕಾಲದಲ್ಲಿ ನೆವಿಲ್‌ಗಳು ಬೆಳೆದಿದ್ದರು. ಎರಡನೆಯ ಅರ್ಲನ ಹೆಂಡತಿ ಎಲಿನಾರ್ ಆ ಮನೆಯ ಮಗಳೇ. ಹೆಣ್ಣು ಕೊಟ್ಟು ತಂದ ನೆಂಟಸ್ತನವೂ ಹಗೆಯನ್ನು ತಡೆಯಲಿಲ್ಲ. 1453ರ ಆಗಸ್ಟ್ 24ರಂದು, ಎಲಿನಾರಳ ತಮ್ಮ ಸಾಲ್ಸ್‌ಬರಿ ಅರ್ಲನ ಮಗನ ಮದುವೆಯ ದಿಬ್ಬಣ ಯಾರ್ಕ್ ನಗರದ ಹೊರಗೆ ಹ್ಯೂವರ್ತ್ ಎಂಬ ಬಯಲನ್ನು ದಾಟುತ್ತಿತ್ತು. ಎಲಿನಾರಳ ಮಗ ಥಾಮಸ್ ಪರ್ಸಿ ದಂಡು ಕಟ್ಟಿಕೊಂಡು ಬಂದು ಅಡ್ಡಗಟ್ಟಿದ. ಸೋದರಮಾವನ ಮಗನ ಮದುವೆ, ಸ್ವಂತ ಅತ್ತೆಯ ಮಗನಿಂದ ದಾಳಿ! ಕಾರಣ ಜಮೀನು. ಹಿಂದೆ ಪರ್ಸಿಗಳಿಂದ ಕಿತ್ತುಕೊಂಡಿದ್ದ ರೆಸಲ್ ಎಂಬ ಹಳ್ಳಿ ಮತ್ತು ಕೋಟೆ ಮದುಮಗಳ ಕಡೆಯವರ ಕೈಯಲ್ಲಿತ್ತು. ಅದು ಇನ್ನು ನೆವಿಲ್‌ಗಳ ಪಾಲಾಗುತ್ತದೆಂಬ ಹೊಟ್ಟೆಯುರಿ. ದಿಬ್ಬಣ ಹೇಗೋ ಪಾರಾಗಿ ಮನೆ ಸೇರಿತು. ಥಾಮಸನೊಡನೆ ಬಂದವರಲ್ಲಿ 710 ಜನರ ಹೆಸರು ನ್ಯಾಯಾಲಯದ ಕಡತದಲ್ಲಿ ಉಳಿದಿದೆ. ದೊಡ್ಡವರು ಕೆಲವರು, ಉಳಿದವರು ಪರ್ಸಿಗಳ ಒಕ್ಕಲುಗಳು, ಯಾರ್ಕಿನ ಕಸುಬುದಾರರು.

ಎರಡು ವರ್ಷ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಲಂಕಾಸ್ಟರ್ ಮತ್ತು ಯಾರ್ಕ್ ವಂಶಗಳ ನಡುವೆ ಯುದ್ಧ ತೊಡಗಿತು. ಗುಲಾಬಿಗಳ ಯುದ್ಧ ಎಂದು ಶಾಲೆಯಲ್ಲಿ ಓದಿರುತ್ತೀರಿ. ನೆವಿಲ್‌ಗಳು ಯಾರ್ಕಿನ ಕಡೆ ನಿಂತರು. ಪರ್ಸಿಗಳು, ತಮ್ಮನ್ನು ಒಮ್ಮೆ ತುಳಿದಿದ್ದ ಲಂಕಾಸ್ಟರಿನ ಕಡೆ. 1455ರಲ್ಲಿ ಸೇಂಟ್ ಆಲ್ಬನ್ಸ್ ಪಟ್ಟಣದ ಬೀದಿಯಲ್ಲಿ ಎರಡನೆಯ ಅರ್ಲ್ ಸತ್ತ. 1460ರಲ್ಲಿ ನಾರ್ತಾಂಪ್ಟನ್ನಿನಲ್ಲಿ ಅವನ ಮಗ ಥಾಮಸ್, 1461ರಲ್ಲಿ ಟೌಟನ್ನಿನಲ್ಲಿ ಮೂರನೆಯ ಅರ್ಲ್ ಹಾಗೂ ಅವನ ತಮ್ಮ ರಿಚರ್ಡ್, 1464ರಲ್ಲಿ ಹೆಜ್ಲಿ ಬಯಲಿನಲ್ಲಿ ಇನ್ನೊಬ್ಬ ತಮ್ಮ ರಾಲ್ಫ್. ನಾಲ್ಕು ವರ್ಷಗಳಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು. ಅರ್ಲ್ ಪದವಿಯೇ ಒಬ್ಬ ನೆವಿಲ್‌ಗೆ ಹೋಯಿತು. ಆದರೆ 1470ರಲ್ಲಿ ರಾಜ ನಾಲ್ಕನೆಯ ಎಡ್ವರ್ಡ್, ನೆವಿಲ್‌ಗಳ ಮೇಲೆ ನಂಬಿಕೆ ಕಳೆದುಕೊಂಡು, ಅದನ್ನು ಪುನಃ ಪರ್ಸಿಗಳ ಹುಡುಗನಿಗೆ ಕೊಟ್ಟ. ಹಳೆಯ ಕಾವಲುಗಾರನೇ ಬೇಕಾಯಿತು.

ಈ ನಾಲ್ಕನೆಯ ಅರ್ಲ್ ಹಿರಿಯರಿಂದ ಪಾಠ ಕಲಿತವನು. 1485ರಲ್ಲಿ ಬಾಸ್‌ವರ್ತ್ ಕಾಳಗದಲ್ಲಿ ರಾಜ ಮೂರನೆಯ ರಿಚರ್ಡನ ಕಡೆ ಸೈನ್ಯ ತಂದು ನಿಲ್ಲಿಸಿದ, ಆದರೆ ಕೈ ಎತ್ತಲಿಲ್ಲ. ರಿಚರ್ಡ್ ಸತ್ತ, ಏಳನೆಯ ಹೆನ್ರಿ ರಾಜನಾದ, ಪರ್ಸಿ ಉಳಿದ. ಆದರೆ ಉಳಿದದ್ದು ನಾಲ್ಕು ವರ್ಷ. 1489ರಲ್ಲಿ ರಾಜನಿಗೆ ಫ್ರಾನ್ಸಿನ ಬ್ರಿಟನಿ ಸೀಮೆಯ ಯುದ್ಧಕ್ಕೆ ತೆರಿಗೆ ಬೇಕಾಗಿತ್ತು. ಯಾರ್ಕ್‌ಷೈರಿನ ಜನ ಕೊಡೆವು ಎಂದರು. ರಾಜನ ಪರವಾಗಿ ಅವರನ್ನು ಒಪ್ಪಿಸಲು ಅರ್ಲ್ ಹೋದ. ಏಪ್ರಿಲ್ 28ರಂದು ಥರ್ಸ್ಕ್ ಎಂಬ ಊರಿನ ಬಳಿ ಜನ ಅವನನ್ನು ಕೊಂದುಹಾಕಿದರು. ಅರ್ಧಚಂದ್ರದ ಬಿಲ್ಲೆ ಧರಿಸಿ ಸುತ್ತ ನಿಂತಿದ್ದ ಅವನ ಸ್ವಂತ ಆಳುಗಳು ಅವನನ್ನು ಉಳಿಸಲಿಲ್ಲ.

ಈಗ ಲೆಕ್ಕ ಕೂಡಿಸೋಣ. ಮೊದಲ ನಾಲ್ಕು ಜನ ಅರ್ಲ್‌ಗಳಲ್ಲಿ ಒಬ್ಬನೂ ಹಾಸಿಗೆಯ ಮೇಲೆ ಸಾಯಲಿಲ್ಲ. ಮೂವರು ರಣದಲ್ಲಿ, ಒಬ್ಬ ಜನರ ಕೈಯಲ್ಲಿ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಅವರನ್ನು ಬೈಯುವುದು ಸುಲಭ. ಆದರೆ ಬೇಲಿ ಕಟ್ಟಿಸಿದವನ ತಪ್ಪನ್ನೂ ನೋಡಬೇಕು. ಕಾವಲುಗಾರನಿಗೆ ಸಂಬಳ ಕೊಡದೆ ಅಧಿಕಾರ ಮಾತ್ರ ಕೊಟ್ಟರೆ, ಅವನು ತನ್ನ ಸಂಬಳವನ್ನು ಆ ಅಧಿಕಾರದಿಂದಲೇ ವಸೂಲು ಮಾಡಿಕೊಳ್ಳುತ್ತಾನೆ. ರಾಜ ಪರ್ಸಿಗೆ ಬಾಕಿಯಿದ್ದ. ಪರ್ಸಿ ಆಳುಗಳಿಗೆ ಬಾಕಿಯಿದ್ದ. ಕೊನೆಗೆ ಈ ಎಲ್ಲರ ಬಾಕಿ ಬಂದು ಬಿದ್ದದ್ದು ಒಕ್ಕಲಿಗನ ತಲೆಯ ಮೇಲೆ. ರಣದಲ್ಲಿ ಬಿಲ್ಲುಗಾರನಾಗಿ ಸತ್ತವನೂ ಅವನೇ, ತೆರಿಗೆ ಕಟ್ಟಬೇಕಾದವನೂ ಅವನೇ. ರಕ್ಷಿಸುತ್ತಾನೆ ಎಂಬ ನಂಬಿಕೆ ಇರುವವರೆಗೆ ಜನ ಪರ್ಸಿಯ ಹಿಂದೆ ಹೋದರು. ಸುಂಕ ಕೇಳಲು ಮಾತ್ರ ಬರುತ್ತಾನೆ ಎಂದಾದಾಗ ಕೈಬಿಟ್ಟರು.

1603ರಲ್ಲಿ ಸ್ಕಾಟ್ಲೆಂಡಿನ ರಾಜ ಆರನೆಯ ಜೇಮ್ಸನೇ ಇಂಗ್ಲೆಂಡಿಗೂ ರಾಜನಾದ. ದೊರೆ ಒಬ್ಬನೇ ಆದ ಮೇಲೆ ಗಡಿಯ ವಾರ್ಡನ್ನನಿಗೆ ಕೆಲಸವೇ ಉಳಿಯಲಿಲ್ಲ. ಆ ಟ್ಯಾಲಿ ಕೋಲುಗಳೂ ಹೋದವು. 1834ರಲ್ಲಿ ಹಳೆಯ ರಾಶಿಯನ್ನು ಒಲೆಗೆ ಹಾಕಿ ಸುಡುವಾಗ ಬೆಂಕಿ ಹತ್ತಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡವೇ ಉರಿದುಹೋಯಿತು. ಪರ್ಸಿಗಳ ವಂಶ ಹೆಣ್ಣಿನ ಕಡೆಯಿಂದ ಮುಂದುವರಿದು ಆನಿಕ್ ಕೋಟೆಯಲ್ಲಿ ಇಂದಿಗೂ ಇದೆ. ಹ್ಯಾರಿ ಪಾಟರ್ ಸಿನಿಮಾ ನೋಡಿದ ಮಕ್ಕಳು ಆ ಕೋಟೆಯನ್ನು ಪರದೆಯ ಮೇಲೆ ಕಂಡಿದ್ದಾರೆ.

ಅರ್ಲ್‌ಗಳಿಗೆ ಗೋರಿಗಳಿವೆ, ನಾಟಕಗಳಿವೆ. ಅವರ ಹಿಂದೆ ನಡೆದ ಒಕ್ಕಲಿಗರ, ಕಸುಬುದಾರರ ಹೆಸರು ಉಳಿದದ್ದು ಮಾತ್ರ ಆಪಾದಿತರ ಪಟ್ಟಿಯಲ್ಲಿ. ಗಡಿಯ ಇತಿಹಾಸ ಓದುವಾಗ ಕೋಟೆಯ ಬಾಗಿಲಲ್ಲಿ ನಿಂತವನನ್ನಷ್ಟೇ ನೋಡದೆ, ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದವನನ್ನೂ ನೋಡಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.